ಮೌನವಾಗಿರಬೇಕಾದ ಬಾಗಿಲು

ಆ ಬೆಳಿಗ್ಗೆ ದೇವರ ಪಟದ ಮುಂದೆ ಕಣ್ಣು ಮುಚ್ಚಿ ನಿಂತ ದೊಡ್ಡ ಮೇಷ್ಟ್ರು ಕೇಳಿಕೊಂಡದ್ದು ತಮ್ಮ ಆರೋಗ್ಯವನ್ನಲ್ಲ, ಚಿಕ್ಕ ಮೇಷ್ಟ್ರ ಗಂಟಲು ಕಟ್ಟಲಿ ಎಂದು. ಕೇಳಿದ ಮರುಕ್ಷಣವೇ ಮೈ ಮುದುಡಿದಂತಾಯಿತು. ಮನುಷ್ಯರ ಮುಂದೆ ಬಾಯಿ ತಪ್ಪಿದರೆ ತಮಾಷೆಗೆ ಅಂದೆ ಎನ್ನಬಹುದು, ದೇವರ ಮುಂದೆ ಹಾಗೆನ್ನುವಂತಿಲ್ಲ, ಅವನು ಕೇಳಿಸಿಕೊಂಡಾಗಿರುತ್ತದೆ. ತೀರ ಕೆಟ್ಟದಾಗಿ ಕಟ್ಟುವುದು ಬೇಡ, ಇವತ್ತೊಂದು ದಿನಕ್ಕೆ ಸಾಕು ಎಂದು ತಿದ್ದಿದರು. ತಿದ್ದಿದ್ದಕ್ಕೆ ಇನ್ನಷ್ಟು ನಾಚಿಕೊಂಡು ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದರು. ಅಣುವಿದ್ಯುತ್ ಸ್ಥಾವರದ ತರಬೇತಿ ಶಾಲೆಯಲ್ಲಿ ಅವರು ಬಹಳ ವರ್ಷ ಬರೀ ಮೇಷ್ಟ್ರಾಗಿದ್ದರು. ಅಲ್ಲಿ ಮೇಷ್ಟ್ರು ಎಂದರೆ ಅವರೊಬ್ಬರೇ. ಅವರದೇ ಶಿಷ್ಯೆ ಓದು ಮುಗಿಸಿ ಅದೇ ಶಾಲೆಗೆ ಪಾಠ ಹೇಳಲು ಬಂದಾಗ ಯಾರೋ ತಮಾಷೆಗೆ ಅವಳನ್ನು ಚಿಕ್ಕ ಮೇಷ್ಟ್ರು ಎಂದರು, ಅವಳು ನಕ್ಕು ಒಪ್ಪಿಕೊಂಡಳು, ಅಂದಿನಿಂದ ಇವರು ಏನೂ ಮಾಡದೆ, ಕೂತಲ್ಲೇ, ದೊಡ್ಡ ಮೇಷ್ಟ್ರಾಗಿಬಿಟ್ಟರು. ಹೊರಗಿನವರ ಕಿವಿಗೆ ಅದು ಬಡ್ತಿಯಂತೆ ಕೇಳಿಸುತ್ತಿತ್ತು. ಅವರಿಗೆ ಮಾತ್ರ, ಮನೆಯ ಹಿರಿಯರನ್ನು ಮೆಲ್ಲಗೆ ಒಳಕೋಣೆಗೆ ಸಾಗಿಸಿ ಬಾಗಿಲು ಮುಂದೆ ಮಾಡಿದ ಹಾಗೆ ಕೇಳಿಸುತ್ತಿತ್ತು.

ಹೆಂಡತಿ ತಟ್ಟೆ ತಂದಿಟ್ಟು ಎದುರಿಗೆ ಕೂತಳು. “ಇವತ್ತು ಬೇರೆ ಊರಿನ ಶಾಲೆ ಟೀಚರುಗಳು ಬರ್ತಾರಂತಲ್ಲ. ಚಿಕ್ಕ ಮೇಷ್ಟ್ರ ಪಾಠನಾ?”

“ನನ್ನದು.”

“ಓ, ನಿಮ್ಮದಾ.” ತಟ್ಟೆಗೆ ಇನ್ನಷ್ಟು ಬಡಿಸುತ್ತ, “ಹಾಗಾದ್ರೆ ಸ್ವಲ್ಪ ಬೇಗ ಮುಗ್ಸಿ ರೀ. ಪಾಪ, ದೂರದಿಂದ ಬಂದಿರ್ತಾರೆ, ನಿದ್ದೆ ಎಳೀತಿರುತ್ತೆ” ಅಂದಳು.

ಅವಳ ಮಾತಿನಲ್ಲಿ ಮುಳ್ಳಿರಲಿಲ್ಲ. ಇದ್ದಿದ್ದರೆ ಕಿತ್ತು ಹಾಕಬಹುದಿತ್ತು. “ಮೊನ್ನೆ ಕಾಲೊನಿ ಹೆಂಗಸರನ್ನ ಕೂರಿಸ್ಕೊಂಡು ಆ ಹುಡುಗಿ ಹೇಳಿದ್ದು ನಂಗೆ ಎಷ್ಟು ಚೆನ್ನಾಗಿ ಅರ್ಥ ಆಯ್ತು ಗೊತ್ತಾ? ಕಲ್ಲಿದ್ದಲು ಸುಡ್ದೆ, ಹೊಗೆ ಬಿಡ್ದೆ ನೀರು ಕುದ್ಸೋದು. ಕುದ್ದ ನೀರಿನ ಆವಿಯಿಂದ ಚಕ್ರ ತಿರ್ಗೋದು. ಇಷ್ಟೇನಾ ರೀ? ಇಷ್ಟು ವರ್ಷ ನೀವು ದಿನಾ ಹೋಗಿ ನೀರು ಕಾಯಿಸ್ತಾ ಇದ್ರಾ?”

“ಇಷ್ಟೇ” ಅಂದರು ದೊಡ್ಡ ಮೇಷ್ಟ್ರು. ಮದುವೆಯಾದ ಹೊಸದರಲ್ಲಿ ಒಂದು ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಪರಮಾಣುವಿನ ಚಿತ್ರ ಬರೆದು ಅವಳಿಗೆ ತಿಳಿಸಿಕೊಡಲು ಹೊರಟಿದ್ದರು. ತಲೆಯೆತ್ತಿ ನೋಡಿದರೆ ಅವಳು ಗೋಡೆಗೆ ಒರಗಿ ನಿದ್ದೆ ಹೋಗಿದ್ದಳು. ಆಗ ಅದು ಮುದ್ದಾಗಿ ಕಂಡಿತ್ತು, ಮುಖದ ಮೇಲೆ ಬಿದ್ದಿದ್ದ ಕೂದಲನ್ನು ಬೆರಳಿನಿಂದ ಸರಿಸಿದ್ದರು. ಆ ನಿದ್ದೆಯನ್ನು ಇಷ್ಟು ವರ್ಷದ ಮೇಲೆ ಬೇರೊಬ್ಬಳು ಬಂದು ಎಬ್ಬಿಸಬೇಕೆ? ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೇ ಬಿಟ್ಟರು. ಎದ್ದು ಕೈ ತೊಳೆದುಕೊಂಡರು. ಎದೆಯ ಎಡಭಾಗದಲ್ಲಿ, ಯಾರೋ ಹೆಬ್ಬೆರಳು ಊರಿ ಮರೆತು ಹೋದಂತೆ, ಆ ಹಳೆಯ ಒತ್ತು.

ಅದು ಹೆಂಡತಿಗೂ ಹೇಳದ ಸಂಗತಿ. ಶಾಲೆಯ ಕೆಲಸ ಎಂದು ಸುಳ್ಳು ಹೇಳಿ ನಿನ್ನೆ ಅವರು ಪಟ್ಟಣದ ಆಸ್ಪತ್ರೆಗೆ ಹೋಗಿದ್ದರು. ಅಲ್ಲಿ ತೋಳಿನ ನರಕ್ಕೆ ಒಂದಿಷ್ಟು ಔಷಧಿ ಚುಚ್ಚಿದರು. ಆ ಔಷಧಿಯಲ್ಲಿ ವಿಕಿರಣ ಬಿಡುವ ಒಂದು ವಸ್ತುವಿನ ತೊಟ್ಟು ಬೆರೆತಿರುತ್ತದೆ, ಅದು ರಕ್ತದ ಜೊತೆ ಹೃದಯದ ಸ್ನಾಯುವಿಗೆ ಹೋಗಿ ಕೂರುತ್ತದೆ, ಹೊರಗಿನಿಂದ ಒಂದು ಕ್ಯಾಮೆರಾ ಅದರ ಚಿತ್ರ ತೆಗೆಯುತ್ತದೆ. ಇದನ್ನೆಲ್ಲ ಅವರಿಗೆ ತಿಳಿಸಿದವನು ಮೀಸೆ ಚಿಗುರಿದಂತಿದ್ದ ಒಬ್ಬ ಡಾಕ್ಟರು. “ಹೆದರ್ಕೋಬೇಡಿ ಅಂಕಲ್, ಸ್ವಲ್ಪ ರೇಡಿಯೇಷನ್ ಇರುತ್ತೆ ಅಷ್ಟೆ. ಏನ್ ಕೆಲಸ ನಿಮ್ದು?” ಎಂದು ಕೇಳಿದ. “ಮೇಷ್ಟ್ರು” ಎಂದಷ್ಟೇ ಹೇಳಿ, ಏನೂ ತಿಳಿಯದವರ ಹಾಗೆ ತಲೆಯಾಡಿಸಿದರು. ಎದೆ ಸರಿಯಿಲ್ಲ ಎಂದು ಗೊತ್ತಾದರೆ ಸ್ಥಾವರದ ಒಳಗೆ ಬಿಡುವುದಿಲ್ಲ. ಒಳಗೆ ಹೋಗಲಾರದ ಮೇಷ್ಟ್ರಿಗೆ ಕಡತ ತಿರುವುವ ಕುರ್ಚಿಯೇ ಗತಿ. ಅದೂ ಈಗ! ಶಾಲೆಗಳ ಶಿಕ್ಷಕರಿಗೆ ಅಣುಶಕ್ತಿಯ ಪಾಠ ಹೇಳಿಕೊಡುವ ಹೊಸ ವಿಭಾಗವೊಂದು ತೆರೆಯುವುದರಲ್ಲಿತ್ತು. ಮುಂದಿನ ತಲೆಮಾರಿಗೆ ಬೆಳಕು ಬೇಕು, ಉಸಿರಾಡಲು ಗಾಳಿಯೂ ಬೇಕು, ಎರಡನ್ನೂ ಉಳಿಸುವ ದಾರಿಯನ್ನು ಮಕ್ಕಳಿಗೆ ಈಗಲೇ ತೋರಿಸಬೇಕು, ಅದಕ್ಕೆ ಮೊದಲು ಅವರ ಮೇಷ್ಟ್ರುಗಳಿಗೆ ತಿಳಿಯಬೇಕು ಎಂದು ಸಭೆಯಲ್ಲಿ ಮೊದಲು ಹೇಳಿದವರೇ ದೊಡ್ಡ ಮೇಷ್ಟ್ರು. ಆದರೂ ಪ್ರಿನ್ಸಿಪಾಲರು, ಇವತ್ತಿನ ಪಾಠ ಹೇಗಾಗುತ್ತೋ ನೋಡಿ ವಿಭಾಗ ಯಾರಿಗೆ ಅಂತ ಹೇಳ್ತೀನಿ ಎಂದಿದ್ದರು. ರಜೆ ಹಾಕಿದರೆ ಪಾಠ ಚಿಕ್ಕ ಮೇಷ್ಟ್ರದಾಗುತ್ತದೆ. ಮೈಯಲ್ಲಿರುವ ಔಷಧಿ ಆರು ಗಂಟೆಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ, ಅರ್ಧದ ಅರ್ಧ, ಅದರ ಅರ್ಧ, ಬೆಳಗಾಗುವ ಹೊತ್ತಿಗೆ ಉಳಿಯುವುದು ಚಿಟಿಕೆ ಎಂದು ಲೆಕ್ಕ ಹಾಕಿಕೊಂಡರು. ಲೆಕ್ಕವೇನೋ ಸರಿಯಾಗಿಯೇ ಇತ್ತು. ಲೆಕ್ಕ ಹಾಕಲು ಕೂತದ್ದು ಹೊಟ್ಟೆಕಿಚ್ಚು.

ರಸ್ತೆಯ ಇಕ್ಕೆಲದಲ್ಲೂ ಒಂದೇ ಅಚ್ಚಿನ ಮನೆಗಳು, ಕೊನೆಯಲ್ಲಿ ತಂತಿಬೇಲಿ, ಬೇಲಿಯಾಚೆ ಬೂದು ಬಣ್ಣದ ಗುಮ್ಮಟ. ನಡೆಯುತ್ತ ಅವರಿಗೆ ನೆನಪಾದದ್ದು ಹೋದ ತಿಂಗಳು ಸುತ್ತಲಿನ ಊರಿನವರಿಗೆಂದು ನಡೆದ ಒಂದು ತರಗತಿ. ಅವಳು ಪಾಠ ಮಾಡುತ್ತಿದ್ದಳು, ಇವರು ಹಿಂದಿನ ಬೆಂಚಿನಲ್ಲಿ ಮೆಚ್ಚುಗೆಯ ಮುಖ ಹೊತ್ತು ಕೂತಿದ್ದರು. ಒಬ್ಬ ತಾಯಿ ಎದ್ದು, “ಉರಿದು ಉಳಿದ ಕಸ ಸಾವಿರಾರು ವರ್ಷ ಹಾಗೇ ಇರುತ್ತಂತಲ್ಲಮ್ಮ, ಅದನ್ನ ಯಾರ ತಲೆಗೆ ಕಟ್ತೀರಿ?” ಎಂದು ಕೇಳಿದ್ದಳು. ಇವರಾಗಿದ್ದರೆ ಗಾಜಿನಲ್ಲಿ ಕರಗಿಸಿ ಉಕ್ಕಿನಲ್ಲಿ ಮುಚ್ಚಿ ನೆಲದಾಳದಲ್ಲಿ ಇಡುವ ವಿಧಾನವನ್ನೆಲ್ಲ ಹಲಗೆ ತುಂಬ ಬರೆದು ಆ ತಾಯಿಯ ಬಾಯಿ ಮುಚ್ಚಿಸುತ್ತಿದ್ದರು. ಶಿಷ್ಯೆಯೂ ಅದನ್ನೇ ಹೇಳಿದಳು, ಎರಡೇ ಮಾತಿನಲ್ಲಿ. ಆಮೇಲೆ, “ಅಷ್ಟು ವರ್ಷ ಯಾರು ಕಾಯ್ತಾರೆ ಅನ್ನೋದು ಮಾತ್ರ ನಂಗೂ ಗೊತ್ತಿಲ್ಲಕ್ಕ. ಕಾಯೋವಂಥ ಮಕ್ಕಳನ್ನ ಬೆಳೆಸ್ಬೇಕು, ಅಷ್ಟು ಗೊತ್ತು” ಅಂದುಬಿಟ್ಟಳು. ಗೊತ್ತಿಲ್ಲ ಎಂದವಳನ್ನು ಇಡೀ ಕೋಣೆ ನಂಬಿತು. ಒಂದು ಸಲವೂ ಗೊತ್ತಿಲ್ಲ ಎನ್ನದೆ ತಲೆ ನರೆಸಿಕೊಂಡವರು ಹಿಂದಿನ ಬೆಂಚಿನಲ್ಲಿ ಉಗುರು ಕಚ್ಚುತ್ತ ಕೂತಿದ್ದರು. ಗೊತ್ತಿಲ್ಲ ಎನ್ನುವುದನ್ನು ಇವಳಿಗೆ ಕಲಿಸಿದವರಾರು? ನಾನಂತೂ ಅಲ್ಲ.

ಗೇಟಿನ ಹತ್ತಿರ ಬಸ್ಸು ಬಂದು ನಿಂತಿತ್ತು. ಶಿಕ್ಷಕರು ಇಳಿದು, ಶಾಲೆಯ ಮಕ್ಕಳಂತೆಯೇ ಒಬ್ಬರನ್ನೊಬ್ಬರು ತಳ್ಳಿಕೊಂಡು ಸಾಲು ಮಾಡುತ್ತಿದ್ದರು. ಪ್ರಿನ್ಸಿಪಾಲರು ಒಂದು ಪಕ್ಕ, ಚಿಕ್ಕ ಮೇಷ್ಟ್ರು ಇನ್ನೊಂದು ಪಕ್ಕ. “ಬನ್ನಿ ಸಾರ್, ನಿಮಗೇ ಕಾಯ್ತಿದ್ವಿ” ಅಂದಳು ಅವಳು. ಗಂಟಲು ಗಂಟೆಯ ಹಾಗಿತ್ತು.

ಗೇಟಿನಲ್ಲಿ ಒಂದು ಬಾಗಿಲಿದೆ. ಕದವಿಲ್ಲ, ಬರೀ ಲೋಹದ ಚೌಕಟ್ಟು. ಅದರೊಳಗೆ ನಿಂತವರ ಮೈಮೇಲೆ ಇರಬಾರದ ವಿಕಿರಣ ಎಳ್ಳಷ್ಟಿದ್ದರೂ ಕೂಗಿಕೊಳ್ಳುತ್ತದೆ. ಯಾರು ಬಂದರೂ ಮೊದಲು ತಾವೇ ಆ ಚೌಕಟ್ಟಿನಲ್ಲಿ ನಿಂತು ತೋರಿಸುವುದು ದೊಡ್ಡ ಮೇಷ್ಟ್ರು ಹಾಕಿದ ಪದ್ಧತಿ. ಅವರ ಪಾಠದಲ್ಲಿ ಜನ ನಿದ್ದೆ ಮಾಡದೆ ನೋಡುತ್ತಿದ್ದ ಭಾಗ ಇದೊಂದೇ. “ನೋಡಿ” ಅಂದರು, ಸಾಲಿನ ಕಡೆ ತಿರುಗಿ. “ನನ್ನ ಅರ್ಧ ಆಯುಷ್ಯ ಈ ಗೋಡೆ ಒಳಗೇ ಕಳೆದಿದೆ. ಈ ಬಾಗಿಲಿಗೆ ದಾಕ್ಷಿಣ್ಯ ಇಲ್ಲ. ನಾನು ನಿಲ್ತೀನಿ, ಅದು ಸುಮ್ನಿರುತ್ತೆ. ಆಮೇಲೆ ನೀವು ಧೈರ್ಯವಾಗಿ ಬನ್ನಿ.” ಹೇಳಿ, ಕೈ ಇಳಿಬಿಟ್ಟು, ಗಲ್ಲವನ್ನು ತುಸು ಮೇಲೆತ್ತಿ ನಿಂತರು.

ಬಾಗಿಲು ಕೂಗಿತು.

ಕಾವಲಿನವನಿಗೆ ಅವರಿಗಿಂತ ಹೆಚ್ಚು ನಾಚಿಕೆಯಾಯಿತು. “ಇದಕ್ಕೇನೋ ಬಂದಿದೆ ಸಾರ್, ಬೆಳಿಗ್ಗೆಯಿಂದ ಚೆನ್ನಾಗೇ ಇತ್ತು. ಇನ್ನೊಂದ್ಸಲ ನಿಲ್ಲಿ” ಅಂದ. ನಿಂತರು. ಮತ್ತೆ ಕೂಗಿತು. ಸಾಲಿನಲ್ಲಿ ಮುಂದೆ ನಿಂತಿದ್ದ ಹೆಂಗಸು ಕೈಚೀಲವನ್ನು ಹೊಟ್ಟೆಗೆ ಅವುಚಿಕೊಂಡು ಹಿಂದಕ್ಕೆ ಸರಿದಳು. ಅವಳು ಬಸುರಿ ಎಂಬುದು ಆಗ ಕಣ್ಣಿಗೆ ಬಿತ್ತು. ಅವಳ ಹಿಂದಿನವರು ಸರಿದರು, ಸಾಲಿಗೆ ಸಾಲೇ ಅಲೆಯಂತೆ ಹಿಂದಕ್ಕೆ ಹೋಯಿತು. ವಿಕಿರಣ ಅಳೆಯುವ ಕೈಮೀಟರು ತೆಗೆದುಕೊಂಡು ಅಳತೆಯವನು ಓಡಿ ಬಂದ. ಅವನೂ ಒಂದು ಕಾಲದಲ್ಲಿ ಅವರ ತರಗತಿಯಲ್ಲಿ ಕೂತವನೇ. ಅಂಗೈ, ಅಂಗಾಲು, ತಲೆ, ಎದೆ, ಎಲ್ಲಕ್ಕೂ ಮೀಟರು ಹಿಡಿದ. ಆಮೇಲೆ, ಬಾಗಿಲು ಕೂಗಿದರೆ ಮೊಟ್ಟಮೊದಲು ಕೇಳಬೇಕು ಎಂದು ಅವರೇ ಹೇಳಿಕೊಟ್ಟಿದ್ದ ಪ್ರಶ್ನೆಯನ್ನು, ಕೇಳಲು ಸಂಕೋಚಪಡುತ್ತಲೇ ಕೇಳಿದ. “ಸಾರ್, ಆಸ್ಪತ್ರೇಲಿ ಏನಾದ್ರೂ ಟೆಸ್ಟ್ ಮಾಡಿಸ್ಕೊಂಡ್ರಾ?”

ಪ್ರಿನ್ಸಿಪಾಲರು ನೋಡುತ್ತಿದ್ದರು. ಶಿಷ್ಯೆಯೂ ನೋಡುತ್ತಿದ್ದಳು. ಮುಖದಲ್ಲಿ ಇದ್ದುದು ಗಾಬರಿ, ಅವರಿಗಾಗಿ ಪಟ್ಟ ಗಾಬರಿ. ಅದನ್ನು ಅವರು ತಡೆದುಕೊಳ್ಳಲಾರದೆ ಹೋದರು.

“ಇಲ್ಲ” ಅಂದರು. ನಾಲಿಗೆ ಅಲ್ಲಿಗೇ ನಿಲ್ಲಲಿಲ್ಲ. “ಮೊನ್ನೆ ಸಂಜೆ ಚಿಕ್ಕ ಮೇಷ್ಟ್ರ ಲ್ಯಾಬಿಗೆ ಹೋಗಿದ್ದೆ.”

ಹೋಗಿದ್ದು ನಿಜ. ಸೀಮೆಸುಣ್ಣ ಕೇಳಲು ಹೋಗಿದ್ದರು. ನಿಜದ ಮಾತಿನಿಂದಲೇ ಸುಳ್ಳು ಹೆಣೆಯುವುದು ಇಷ್ಟು ಹಗುರ ಎಂದು ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವಳ ಲ್ಯಾಬಿನಲ್ಲಿ ಮಕ್ಕಳಿಗೆ ತೋರಿಸಲೆಂದು ಇಟ್ಟಿದ್ದ ವಿಕಿರಣದ ಪುಟ್ಟ ಬಿಲ್ಲೆಗಳಿದ್ದವು. ಅವುಗಳಲ್ಲೊಂದು ಒಡೆದಿರಬೇಕು, ಪುಡಿ ನೆಲದ ಮೇಲೆ ಹರಡಿರಬೇಕು ಎಂದು ಯಾರೂ ಬಾಯಿ ಬಿಟ್ಟು ಹೇಳದಿದ್ದರೂ ಎಲ್ಲರೂ ಅವಳ ಕಡೆ ತಿರುಗಿದರು. ನಿಯಮವೆಂದರೆ ನಿಯಮ. ಲ್ಯಾಬಿಗೆ ಬೀಗ ಬಿತ್ತು. ಅವಳನ್ನು ಬಿಸಿಲಿನಲ್ಲಿ ನಿಲ್ಲಿಸಿ ಮೀಟರು ಹಿಡಿದರು. ಚಪ್ಪಲಿ ಬಿಚ್ಚಿಸಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದರು. ಅವಳು ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟುಕೊಂಡು, ಸುಡುವ ಸಿಮೆಂಟಿನ ಮೇಲೆ, ಶಿಕ್ಷಕರೆಲ್ಲ ನೋಡುತ್ತಿರುವಂತೆಯೇ ನಿಂತಳು. ಶಿಕ್ಷಕರನ್ನು ಬಸ್ಸಿಗೆ ಕಳಿಸಿದರು. ದೊಡ್ಡ ಮೇಷ್ಟ್ರ ಹೊಟ್ಟೆಯೊಳಗೆ ಯಾವುದೋ ತಂಪಾದ, ತೃಪ್ತಿಯಂಥ ಒಂದು ವಸ್ತು ಮೆಲ್ಲಗೆ ಮಗ್ಗುಲು ಬದಲಿಸಿತು. ಅದು ತೃಪ್ತಿಯೇ ಎಂದು ಅವರಿಗೆ ಗೊತ್ತಾಯಿತು. ಗೊತ್ತಾದದ್ದೇ ಬಾಯಿ ಕಹಿಯಾಯಿತು.

ಅವರನ್ನು ಸ್ನಾನದ ಕೋಣೆಗೆ ಕರೆದೊಯ್ದರು. ಬಟ್ಟೆ ಬಿಚ್ಚಿಸಿಕೊಂಡರು, ಸಾಬೂನು ಕೊಟ್ಟರು. ಇವರು ಮೈ ಉಜ್ಜಿಕೊಂಡರು. ಹೊರಗೆ ಬಂದರೆ ಮೀಟರು ಅಷ್ಟೇ ತೋರಿಸಿತು. “ಇನ್ನೊಂದ್ಸಲ ಸಾರ್, ಬೇಜಾರು ಮಾಡ್ಕೋಬೇಡಿ” ಅಂದ ಅಳತೆಯವನು. ಮತ್ತೆ ನೀರಿನ ಕೆಳಗೆ ನಿಂತರು. ನೀರಿನಿಂದ ಹೋಗುವಂಥದ್ದಲ್ಲ ಎಂದು ಈ ಇಡೀ ಆವರಣದಲ್ಲಿ ಬಲ್ಲವರು ತಾವೊಬ್ಬರೇ, ಆದರೂ ಕತ್ತು, ಕಂಕುಳು, ಎದೆಯ ನರೆತ ಕೂದಲನ್ನೆಲ್ಲ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದರು. ಚಿಕ್ಕವರಿದ್ದಾಗ ಅಮ್ಮ ಮೀಯಿಸುತ್ತಿದ್ದದ್ದು ನೆನಪಾಯಿತು. ತಪ್ಪು ಮಾಡಿ ಬಂದ ದಿನ ಅಮ್ಮ ಬೈಯುತ್ತಿರಲಿಲ್ಲ, ಸ್ವಲ್ಪ ಜೋರಾಗಿ ಉಜ್ಜುತ್ತಿದ್ದಳು. ಯಾವ ತಪ್ಪೆಂದು ಅವಳಿಗೆ ಹೇಗೆ ಗೊತ್ತಾಗುತ್ತಿತ್ತೋ. ದೇವರೇ, ನೀನಾದರೂ ಜೋರಾಗಿ ಉಜ್ಜಬಾರದೆ ಅಂದುಕೊಂಡರು. ಸಾಬೂನಿನ ನೀರು ಕಣ್ಣಿಗೆ ಇಳಿದು ಉರಿಯಿತು. ಕೆಲಸದವರು ತೊಡುವ ದೊಗಳೆ ಮೇಲುಡುಪೊಂದನ್ನು ಅವರಿಗೆ ಕೊಟ್ಟರು, ಅದನ್ನು ತೊಟ್ಟು ಬೆಂಚಿನ ಮೇಲೆ ಕೂತರು.

ಬಾಗಿಲ ಬಳಿ ಸದ್ದಾಯಿತು. ಚಿಕ್ಕ ಮೇಷ್ಟ್ರು, ಬರಿಗಾಲಿನಲ್ಲಿ.

“ಒಳಗೆ ಬರ್ಬಹುದಾ ಸಾರ್?”

ಅವರು ತಲೆಯಾಡಿಸಿದರು. ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು ಅಂಗಾಲನ್ನು ನೋಡಿಕೊಂಡಳು. ಕೆಂಪಾಗಿತ್ತು. “ಲ್ಯಾಬೆಲ್ಲ ಹುಡುಕಿದ್ರು. ಬಿಲ್ಲೆಗಳು ಎಲ್ಲಾ ನೆಟ್ಟಗಿವೆ” ಅಂದಳು.

“ಹಾಗಾದ್ರೆ ಸರಿ.”

“ಸರಿ ಏನು ಸಾರ್? ಅಳತೆಯಣ್ಣ ಬೇರೆ ಮೀಟರು ತರೋಕೆ ಹೋಗಿದಾನೆ. ನಿಮ್ಮ ಅಂಗೈಲಿ ಏನೂ ಇಲ್ಲ, ಅಂಗಾಲಲ್ಲಿ ಏನೂ ಇಲ್ಲ, ಎದೆ ಮಾತ್ರ ಕೂಗ್ತಿದೆ. ಹೊಲಸು ತುಳಿದು ಬಂದೋರಿಗೆ ಹಾಗಾಗಲ್ಲ ಅಂತ ಅವ್ನಿಗೂ ಗೊತ್ತು. ಆದ್ರೆ ನೀವು ಆಸ್ಪತ್ರೆಗೆ ಹೋಗಿಲ್ಲ ಅಂದ್ರಿ. ನಮ್ಮ ಮೇಷ್ಟ್ರು ಸುಳ್ಳು ಹೇಳಲ್ಲ, ಮೀಟರೇ ಕೆಟ್ಟಿರ್ಬೇಕು ಅಂತಿದಾನೆ.”

ನಲ್ಲಿಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ಅವಳು ಬೈದಿದ್ದರೆ, ಅತ್ತಿದ್ದರೆ, ಯಾಕೆ ಹೀಗೆ ಮಾಡಿದ್ರಿ ಎಂದು ಕೈ ಹಿಡಿದು ಜಗ್ಗಿದ್ದರೆ, ಅವರು ಆ ಸುಳ್ಳನ್ನು ಸಾಯುವವರೆಗೂ ಬಿಡುತ್ತಿರಲಿಲ್ಲ. ಅವಳು ಬಹಳ ಮೆತ್ತಗೆ, “ನೋವು ಇದೆಯಾ ಸಾರ್?” ಎಂದು ಕೇಳಿದಳು.

“ಮೆಟ್ಟಿಲು ಹತ್ತಿದ್ರೆ ಬರುತ್ತೆ.”

“ಅಮ್ಮಾವ್ರಿಗೆ ಗೊತ್ತಾ?”

“ಇಲ್ಲ.”

“ಹೂಂ.” ಎದ್ದಳು. “ನಾನು ಯಾರಿಗೂ ಹೇಳಲ್ಲ. ನಿಮ್ಮ ಎದೆ, ನಿಮ್ಮ ಮಾತು. ಆದ್ರೆ ಬಸ್ಸು ಇನ್ನೇನು ಹೊರಡುತ್ತೆ. ಆ ಟೀಚರುಗಳು ಇವತ್ತು ನೋಡಿದ್ದನ್ನ ತಗೊಂಡೇ ಊರಿಗೆ ಹೋಗ್ತಾರೆ. ಅಲ್ಲಿ ಮಕ್ಕಳಿಗೆ ಅದನ್ನೇ ಹೇಳ್ತಾರೆ. ಒಳಗೆ ಕೆಲಸ ಮಾಡೋರ ಮೈಗೆಲ್ಲ ಅಂಟಿರುತ್ತೆ, ಎಲ್ಲಿಂದ ಅಂಟ್ತು ಅಂತ ಅವರಿಗೇ ಗೊತ್ತಿರಲ್ಲ ಅಂತ.”

ಅವಳು ಹೋದಳು. ತಮಗೇಕೆ ಕೋಪ ಬರುತ್ತಿದೆಯೆಂದು ಅವರಿಗೆ ಅರ್ಥವಾಗಲಿಲ್ಲ. ಕ್ಷಮಿಸುವುದರಲ್ಲಾದರೂ ಇವಳು ಸೋಲಬಾರದಿತ್ತೆ? ನಾನು ಅವಳ ಜಾಗದಲ್ಲಿದ್ದರೆ ಹೀಗೆ ಬಂದು ಬೆಂಚಿನ ತುದಿಯಲ್ಲಿ ಕೂರುತ್ತಿದ್ದೆನೇ ಎಂದು ಕೇಳಿಕೊಂಡರು. ಉತ್ತರ ಬೇಗ ಸಿಕ್ಕಿತು. ಹೊರಗೆ ಬಸ್ಸಿನ ಇಂಜಿನು ಶುರುವಾಯಿತು. ಸುಮ್ಮನೆ ಕೂತಿದ್ದರೆ ಸಾಕು. ಬಸ್ಸು ಹೋಗುತ್ತದೆ, ಸಂಜೆಯ ಹೊತ್ತಿಗೆ ಎದೆಯಲ್ಲಿರುವುದೂ ಇಳಿಯುತ್ತದೆ, ಬೀಗ ಹಾಕಿದ ಲ್ಯಾಬಿನ ನೆನಪು ಮಾತ್ರ ಅವಳ ಹೆಸರಿಗೆ ಅಂಟಿಕೊಂಡಿರುತ್ತದೆ, ಹೊಸ ವಿಭಾಗ ಇವರಿಗೇ ಬರುತ್ತದೆ. ಇಷ್ಟನ್ನೂ ಅವರು ಸ್ಪಷ್ಟವಾಗಿ, ಹಲಗೆಯ ಮೇಲೆ ಬರೆದಂತೆ ನೋಡಿದರು. ನೋಡುತ್ತಿದ್ದಂತೆಯೇ ಕಾಲುಗಳು ಎದ್ದವು. ಮನಸ್ಸು ಒಪ್ಪಿತ್ತೆಂದು ಹೇಳಲಾಗದು.

ದೊಗಳೆ ಉಡುಪಿನಲ್ಲಿ, ಒದ್ದೆ ತಲೆಯಲ್ಲಿ ಅವರು ಬರುವುದನ್ನು ಕಂಡು ಚಾಲಕ ಇಂಜಿನು ನಿಲ್ಲಿಸಿದ. ದೊಡ್ಡ ಮೇಷ್ಟ್ರು ಬಸ್ಸು ಹತ್ತಲಿಲ್ಲ. ಮೆಟ್ಟಿಲಿನಿಂದ ಅಷ್ಟು ದೂರ ನಿಂತು, “ಅಲ್ಲಿ ಮುಂದಿನ ಸೀಟಲ್ಲಿ ಕೂತಿರೋ ತಾಯಿ ಹಿಂದಕ್ಕೆ ಹೋಗಿ ಕೂತ್ಕೋಬೇಕು. ಅಪಾಯ ಅಂತಲ್ಲಮ್ಮ, ಬೇಡದ್ದು ಯಾಕೆ ಅಂತ” ಅಂದರು. ಬಸುರಿ ಹೆಂಗಸು ಎದ್ದು ಹಿಂದಕ್ಕೆ ಹೋದಳು. ಕಿಟಕಿಗಳಲ್ಲಿ ಮುಖಗಳು ತುಂಬಿಕೊಂಡವು. ಬಸ್ಸಿನ ಪಕ್ಕದಲ್ಲಿ ಪ್ರಿನ್ಸಿಪಾಲರೂ ಚಿಕ್ಕ ಮೇಷ್ಟ್ರೂ ನಿಂತಿದ್ದರು.

“ನಾನು ನಿನ್ನೆ ಆಸ್ಪತ್ರೆಗೆ ಹೋಗಿದ್ದೆ” ಅಂದರು. “ನನ್ನ ಹೃದಯ ಸರಿ ಇಲ್ಲ. ಅದನ್ನ ನೋಡೋಕೆ ಅಂತ ವಿಕಿರಣ ಇರೋ ಔಷಧಿ ಕೊಟ್ರು. ಬಾಗಿಲು ಕೂಗಿದ್ದು ಅದಕ್ಕೆ. ಕೇಳಿದಾಗ ಇಲ್ಲ ಅಂದೆ. ಈ ಅಮ್ಮನ ಲ್ಯಾಬಿನ ಹೆಸರು ಹೇಳ್ದೆ. ಅವರದ್ದೇನೂ ತಪ್ಪಿಲ್ಲ. ಬಾಗಿಲಿಂದೂ ತಪ್ಪಿಲ್ಲ.”

ಮುಂದೆ ಕೂತಿದ್ದ ವಯಸ್ಸಾದ ಶಿಕ್ಷಕರೊಬ್ಬರು ಕನ್ನಡಕ ಸರಿಮಾಡಿಕೊಂಡರು. “ಅಲ್ಲ ಸ್ವಾಮಿ, ಅಷ್ಟು ದೊಡ್ಡೋರು ನೀವು. ಯಾಕೆ ಇಲ್ಲ ಅಂದ್ರಿ?”

“ಹೇಳಿದ್ರೆ ನನ್ನ ಒಳಗೆ ಬಿಡಲ್ಲ. ಪಾಠ ಇವರದ್ದಾಗುತ್ತೆ.” ಉಸಿರೆಳೆದುಕೊಂಡರು. “ಇವರು ನನಗಿಂತ ಚೆನ್ನಾಗಿ ಹೇಳ್ತಾರೆ.”

ಯಾರೂ ನಗಲಿಲ್ಲ. ಪ್ರಿನ್ಸಿಪಾಲರು ಒಂದು ಹೆಜ್ಜೆ ಮುಂದಿಟ್ಟವರು ಅಲ್ಲೇ ನಿಂತರು. “ಹಾಗಾದ್ರೆ ಮಕ್ಕಳಿಗೆ ನಾವೇನು ಹೇಳೋಣ?” ಅಂದರು ಆ ಶಿಕ್ಷಕರು. “ಇದು ಒಳ್ಳೇದಾ, ಕೆಟ್ಟದ್ದಾ?”

“ಹೊಗೆ ಇಲ್ದೆ ದೀಪ ಉರಿಯುತ್ತೆ, ಅದು ಒಳ್ಳೇದು. ಇಂಥದ್ದೇ ಒಂದು ತೊಟ್ಟು ನನ್ನ ಎದೆಯೊಳಗಿನ ಕಾಯಿಲೆ ತೋರ್ಸಿತು, ಅದೂ ಒಳ್ಳೇದು. ಇದರ ಹತ್ರ ನಿಂತೋರು ಕೇಳಿದಾಗ ನಿಜ ಹೇಳ್ಬೇಕು. ಇವತ್ತು ನಾನು ಹೇಳ್ಲಿಲ್ಲ. ಇದನ್ನೂ ಹೇಳಿ ಮಕ್ಕಳಿಗೆ.”

ಯಾವ ತರಗತಿಯೂ ಅವರ ಮಾತಿಗೆ ಹೀಗೆ ಮುಂದಕ್ಕೆ ಬಾಗಿ ಕೂತಿರಲಿಲ್ಲ. ಒಬ್ಬರ ಕಣ್ಣಿನಲ್ಲೂ ನಿದ್ದೆಯಿರಲಿಲ್ಲ. ಹಿಂದಿನ ಸೀಟಿನಿಂದ ಬಸುರಿ ಹೆಂಗಸಿನ ದನಿ ಬಂತು. “ಸಾರ್, ನಮಗೆ ಇಲ್ಲಿ ಏನೂ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳಿ.”

ಅವರು ಬಾಯಿ ತೆರೆದರು. ಆಗ ನಾಲಿಗೆಯ ಮೇಲೆ ಆ ಮಾತುಗಳ ರುಚಿ ತಿಳಿಯಿತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ದನಿ ಇಳಿಸಬೇಕು, ಹೃದಯ ಎನ್ನುವಾಗ ಕೈ ಎಲ್ಲಿಗೆ ಹೋಗಬೇಕು ಎಲ್ಲವೂ ಅದಾಗಲೇ ಸಿದ್ಧವಾಗಿ ಕೂತಿತ್ತು. ಇನ್ನೊಮ್ಮೆ ಹೇಳಿದರೆ ಇನ್ನೂ ಚೆನ್ನಾಗಿ ಬರುತ್ತದೆ. ಅವರ ಕಣ್ಣು ತಾನೇ ತಾನಾಗಿ ಚಿಕ್ಕ ಮೇಷ್ಟ್ರನ್ನು ಹುಡುಕಿತು. ಅವಳ ಮುಖದಲ್ಲಿ ಒಂದಿಷ್ಟಾದರೂ, ಮೂಲೆಯಲ್ಲೆಲ್ಲಾದರೂ ಹೊಟ್ಟೆಕಿಚ್ಚು ಇದೆಯೇ ಎಂದು ನೋಡಿದರು. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ಕಾಲು ಬದಲಿಸುತ್ತ, ಅವಳು ಅವರು ಮುಂದೆ ಹೇಳುವುದಕ್ಕೆ ಕಾಯುತ್ತಿದ್ದಳು. ಬೇರೇನೂ ಇರಲಿಲ್ಲ.

“ನನ್ನ ಕೈಲಾಗಲ್ಲ” ಅಂದರು ದೊಡ್ಡ ಮೇಷ್ಟ್ರು, ಬದಿಗೆ ಸರಿದು. “ಇವರು ಹೇಳ್ತಾರೆ.”

ಅವಳು ಒಮ್ಮೆ ಅವರನ್ನು ನೋಡಿದಳು, ನಿಜವಾಗಿಯೂ ಹೇಳಲೇ ಎನ್ನುವಂತೆ. ಅವರು ತಲೆಯಾಡಿಸಿದರು. ಬರಿಗಾಲಲ್ಲಿ ಬಸ್ಸಿನ ಮೆಟ್ಟಿಲು ಹತ್ತಿ, ಕಂಬಿ ಹಿಡಿದುಕೊಂಡು, “ಒಬ್ರು ಮೇಷ್ಟ್ರಿದ್ರು” ಎಂದು ಶುರು ಮಾಡಿದಳು. ಕಿಟಕಿಯ ಮುಖಗಳೆಲ್ಲ ಒಳಕ್ಕೆ ತಿರುಗಿದವು. ದೊಡ್ಡ ಮೇಷ್ಟ್ರು ಹೊರಗೆ, ಬಸ್ಸಿನ ಗೋಡೆಗೆ ಒರಗದೆ, ಅಷ್ಟು ದೂರದಲ್ಲೇ ನಿಂತರು. ತಮ್ಮ ಕಥೆಯನ್ನೇ ತಮಗಿಂತ ಚೆನ್ನಾಗಿ ಹೇಳುತ್ತಿದ್ದಾಳೆ ಎಂದು ಒಳಗೆ ಅದೇ ಹಳೆಯ ಕಿಚ್ಚು ಹೊತ್ತಿತು, ಒಂದು ಕ್ಷಣವೂ ತಡಮಾಡಲಿಲ್ಲ. ಅದನ್ನು ಅವರು ಆರಿಸಲೂ ಹೋಗಲಿಲ್ಲ. ಆ ಮೇಷ್ಟ್ರು ಬೆಳಿಗ್ಗೆ ಎದ್ದು ಗೇಟಿನ ಕಡೆ ನಡೆದು ಬರುತ್ತಿದ್ದ ಭಾಗಕ್ಕೆ ಅವಳು ಬಂದಿದ್ದಳು. ಇನ್ನೇನು ಆ ಚೌಕಟ್ಟಿನೊಳಗೆ ಹೆಜ್ಜೆಯಿಡಬೇಕು. ಮುಂದೇನಾಯಿತೋ ಎಂದು, ಕಥೆ ಕೇಳುವವರೆಲ್ಲರ ಹಾಗೆ, ದೊಡ್ಡ ಮೇಷ್ಟ್ರೂ ಉಸಿರು ಬಿಗಿಹಿಡಿದು ಕಿವಿಗೊಟ್ಟರು.